ಬೆನ್ನು ಮಾಡಿ ಕೂತವನು

ಸಂಜೆಯ ಬೆಳಕು ಆರುವ ಹೊತ್ತಿಗೆ ಚಿರತೆಯೊಂದು ಎರಡು ಮರಿಗಳೊಂದಿಗೆ ಕಾಡಿನ ನೀರುಗುಂಡಿಗೆ ಬಂತು. ಬಂಡೆಯ ಮರೆಯಲ್ಲಿ ಕೂತಿದ್ದ ವಾದಿರಾಜ ಒಂದೇ ಸಮನೆ ಫೋಟೊ ತೆಗೆದ. ಅವು ನೀರು ಕುಡಿದು ಹೋದ ಮೇಲೆ ಸಂತೋಷ ಹಂಚಿಕೊಳ್ಳಲು ತಿರುಗಿದರೆ, ಜೊತೆಗೆ ಬಂದಿದ್ದ ಫಾರೆಸ್ಟ್ ವಾಚರ್ ಕೆಂಚಯ್ಯ ಎಂದಿನಂತೆ ನೀರಿಗೆ ಬೆನ್ನು ಮಾಡಿ, ಪೊದೆಗಳನ್ನು ನೋಡುತ್ತ ಕೂತಿದ್ದ.

ವಾದಿರಾಜನಿಗೆ ರೇಗಿತು. "ಎಂಟು ವರ್ಷದಿಂದ ನನ್ನ ಜೊತೆ ಬರ್ತಿದ್ದೀಯ. ಒಂದ್ಸಲನಾದ್ರೂ ಚಿರತೆ ನೋಡ್ಬೇಕು ಅನ್ಸಲ್ವೇನಯ್ಯಾ? ಎಂಥ ಜಡ ಮನುಷ್ಯ ನೀನು."

"ಅನ್ಸುತ್ತೆ ಸಾ," ಎಂದ ಕೆಂಚಯ್ಯ ಮೆತ್ತಗೆ.

ಆ ದನಿಗೇ ವಾದಿರಾಜ ಅರ್ಧ ಕುಗ್ಗಿಹೋದ. ಆಡಿದ್ದನ್ನು ನುಂಗಿಕೊಳ್ಳುವಂತಿರಲಿಲ್ಲ. "ಮತ್ತೆ ಯಾಕೆ ನೋಡಲ್ಲ?"

"ನಾನೂ ಆ ಕಡೀಕೇ ತಿರುಗಿ ಕೂತ್ರೆ, ನಿಮ್ಮ ಬೆನ್ನ ಹಿಂದೆ ಬರೋದನ್ನ ಯಾರು ನೋಡ್ತಾರೆ ಸಾ?"