ತಾತನ ವಯಸ್ಸು

"ತಾತಾ!"

ಗಲ್ಲಾಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲಿಂದ ಪುಟ್ಟಿ ಕೂಗಿದಳು. ಒಲೆಯಿಂದ ಬ್ರೆಡ್ ತೆಗೆಯುತ್ತಿದ್ದ ಬೇಕರಿಯವನ ಕಿವಿ ಕೆಂಪಗಾಯಿತು. ಬೆಳಗಿನ ಗಿರಾಕಿಗಳೆಲ್ಲ ತಿರುಗಿ ನೋಡಿದರು. ಎದುರು ಅಂಗಡಿಯ ಟೈಲರಿಗೆ ಅಷ್ಟೇ ಸಾಕಾಯಿತು.

"ಹೋಗಯ್ಯಾ, ಮೊಮ್ಮಗಳು ಕರೀತಿದಾಳೆ. ಮದುವೆಯಾಗಿ ಎರಡು ತಿಂಗಳಿಗೇ ಮೊಮ್ಮಗಳನ್ನ ಕಂಡ ಪುಣ್ಯವಂತ!"

ಐವತ್ತು ದಾಟಿದ ಮೇಲೆ ಮದುವೆಯಾದವನನ್ನು ಬೀದಿ ಸುಮ್ಮನೆ ಬಿಡುತ್ತದೆಯೇ? ಅವನ ತಲೆಯಲ್ಲಿ ಮೈದಾ ಎಷ್ಟು, ನರೆ ಎಷ್ಟು ಎಂಬ ಚರ್ಚೆ ಮೊದಲೇ ಇತ್ತು. ಹೆಂಡತಿ ಬೇರೆ ಭಾಷೆಯವಳು, ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ಬಂದವಳು. ಮಗು ಮೊದಲ ಸಲ ಹಾಗೆ ಕೂಗಿದಾಗಲೇ ಅವಳು ಹೇಳಿದ್ದಳು, "ನಮ್ಮ ಮಾತಲ್ಲಿ ತಾತ ಅಂದ್ರೆ ಅಪ್ಪ ರೀ." ಅದು ಅವನಿಗೆ ಗೊತ್ತು, ಬೀದಿಗೆ ಗೊತ್ತಾಗಬೇಕಲ್ಲ! ಹಿಟ್ಟು ನಾದುವಾಗಲೆಲ್ಲ ಅವನಿಗೆ ಅದೇ ಯೋಚನೆ. ಇರುವುದು ಎರಡೇ ಅಕ್ಷರ. ಅವಳ ಭಾಷೆಯಿಂದ ಹೊರಡುವಾಗ ಗಟ್ಟಿಮುಟ್ಟಾದ ಅಪ್ಪ, ನಮ್ಮ ಭಾಷೆಗೆ ಬಂದು ಇಳಿಯುವಷ್ಟರಲ್ಲಿ ಕೋಲು ಹಿಡಿದ ಮುದುಕ. ದಾರಿ ಅಷ್ಟೊಂದು ದೂರವೇ?

"ಹಾಗಾದ್ರೆ ನಮ್ಮ 'ಅಪ್ಪ' ಅನ್ನೋದು ನಿಮ್ಮ ಭಾಷೆಯಲ್ಲಿ ಏನು?" ಎಂದು ಒಮ್ಮೆ ಕೇಳಿದ.

"ಏನೂ ಅಲ್ಲ ರೀ. ಬರೀ ಸದ್ದು," ಎಂದಳು ಹೆಂಡತಿ.

ಖಾಲಿ ಇದ್ದರೆ ಒಳ್ಳೆಯದೇ ಆಯಿತು, ತುಂಬಿಸೋಣ ಎಂದುಕೊಂಡು ಅವನು ಪಾಠ ಶುರುಮಾಡಿದ. ಬಿಸಿ ಬನ್ನೊಂದನ್ನು ಮಗುವಿನ ಮೂಗಿನ ಮುಂದೆ ಹಿಡಿದು "ಅಪ್ಪ ಅನ್ನು" ಎನ್ನುವುದು, ಅವಳು "ಅಪ್ಪ" ಎಂದ ಕೂಡಲೇ ಬನ್ನು ಕೈಗಿಡುವುದು. ಪುಟ್ಟಿ ಬಲು ಚೂಟಿ. ವಾರದೊಳಗೆ ಅವನು ತಟ್ಟೆ ಎತ್ತಿದರೆ ಸಾಕು, "ಅಪ್ಪ, ಅಪ್ಪ" ಎಂದು ಕುಣಿಯತೊಡಗಿದಳು. ಅವನು ಹಿಗ್ಗಿ ಹೀರೇಕಾಯಿಯಾದ. ಟೈಲರನ್ನು ತಾನೇ ಹೋಗಿ ಕರೆತಂದ.

"ಈಗ ಕಿವಿ ತೆರೆದು ಕೇಳು. ಪುಟ್ಟಿ, ಅಪ್ಪ ಎಲ್ಲಿ? ಅಪ್ಪನ್ನ ತೋರಿಸು ನೋಡೋಣ."

ಪುಟ್ಟಿ ಹಿಂದೆಮುಂದೆ ನೋಡಲಿಲ್ಲ. ಗಾಜಿನ ಕಪಾಟಿನಲ್ಲಿ ಸಾಲಾಗಿ ಕೂತಿದ್ದ ಬನ್ನುಗಳ ಕಡೆ ಬೆರಳು ಮಾಡಿದಳು. ಆಮೇಲೆ ಅವನ ಅಂಗಿ ಜಗ್ಗಿ, ಎರಡು ಬೆರಳು ಎತ್ತಿ, "ತಾತಾ, ಎರಡು ಅಪ್ಪ ಕೊಡು!" ಎಂದಳು.

ಅಂಗಡಿಗೆ ಅಂಗಡಿಯೇ ಬಿದ್ದು ಬಿದ್ದು ನಕ್ಕಿತು. ಟೈಲರ್ ಹೊಟ್ಟೆ ಹಿಡಿದುಕೊಂಡು, "ಅಪ್ಪಂದಿರು ಡಜನ್‌ಗೆ ಎಷ್ಟಯ್ಯಾ?" ಎಂದ. ಬೇಕರಿಯವನೂ ನಕ್ಕ. ಆದರೆ ಒಳಗೊಳಗೇ ಚುರ್ರೆಂದಿತು. ತನ್ನ 'ಅಪ್ಪ' ಬನ್ನಿನ ಆಸೆಗೆ ಕಲಿತದ್ದಾದರೆ, ಅವಳ 'ತಾತ' ಕೂಡ ತಾಯಿ ಏನೋ ಕೊಟ್ಟು ಕಲಿಸಿದ್ದೇ ಇರಬೇಕು. ಮಗುವಿಗೆ ತಾನು ನಿಜಕ್ಕೂ ಯಾರು?

ಸಂಜೆ ಬಾಗಿಲು ಹಾಕುವಾಗ ಕೇಳಿಯೇಬಿಟ್ಟ. "ನಾನು ಕಲಿಸಿದ್ದು ಬನ್ನಿಗೇ ಅಂಟಿಕೊಂಡ್ತು. ನೀನು ಏನು ಆಸೆ ತೋರಿಸಿ 'ತಾತ' ಕಲಿಸಿದೆ? ಅದನ್ನಾದ್ರೂ ಹೇಳು."

ತಟ್ಟೆ ಒರೆಸುತ್ತಿದ್ದ ಹೆಂಡತಿಯ ಕೈ ನಿಂತಿತು.

"ನಾನೆಲ್ಲಿ ಕಲಿಸಿದೆ? ಇವಳು ಹುಟ್ಟೋ ಮೊದಲೇ ಇವಳಪ್ಪ ತೀರಿಹೋದ್ರು. ಅಕ್ಕಪಕ್ಕದ ಮಕ್ಕಳು ಅವರವರ ಮನೇಲಿ ತಾತಾ ಅಂತ ಕೂಗೋದನ್ನ ಕೇಳಿಸಿಕೊಂಡು ಸುಮ್ಮನೆ ಕೂತಿರ್ತಿದ್ಲು. ಇವಳ ಬಾಯಲ್ಲಿ ನಾನು ಆ ಮಾತು ಕೇಳಿದ್ದೇ ಇಲ್ಲಿಗೆ ಬಂದ ಮೇಲೆ. ನೀವು ಹಿಟ್ಟಿನ ಕೈಯಲ್ಲೇ ಎತ್ತಿಕೊಂಡ್ರಲ್ಲ, ಅವತ್ತು."

ಒಲೆ ಆರಿದೆಯಾ ನೋಡಿ ಬರ್ತೀನಿ ಎಂದು ಹಿಂದಕ್ಕೆ ಹೋದವನು ಬಹಳ ಹೊತ್ತು ಬರಲಿಲ್ಲ.

ಮರುದಿನ ಬೆಳಿಗ್ಗೆ ಟೈಲರ್ ಮೆಟ್ಟಿಲು ಹತ್ತುತ್ತಲೇ ರಾಗ ಎಳೆದ. "ತಾತಾ, ಎರಡು ಅಪ್ಪ ಕೊಡು!"

ಬೇಕರಿಯವನು ಎರಡು ಬನ್ನು ಕಾಗದದಲ್ಲಿ ಸುತ್ತಿ ಮುಂದಿಟ್ಟ.

"ಬನ್ನಿಗೆ ನೀನು ಏನು ಬೇಕಾದ್ರೂ ಹೆಸರಿಡು, ನನ್ನದೇನೂ ಅಡ್ಡಿಯಿಲ್ಲ. ಆದ್ರೆ ನನ್ನನ್ನ ತಾತ ಅಂತ ಇನ್ನೊಬ್ಬರು ಕರೆಯೋ ಹಾಗಿಲ್ಲ ಕಣಯ್ಯಾ. ಅದು ಪುಟ್ಟಿಯೊಬ್ಬಳದು."