ಕಾಖಂಡಕಿ ದಾರಿಯ ಆ ಸಂಜೆ

“ಇದೊಂದು ಸಲ ಒಳಗ ಹೋಗಿ ಕುಂತು ಬಾ ಯಪ್ಪಾ. ಬ್ಯಾಡ ಅನಿಸಿದ್ರ ಮತ್ತ ನಾ ಕರ್ಯೂದಿಲ್ಲ,” ಎಂದು ಆಮ್ರಪಾಲಿ ಜೋರಾಪುರ ಪೇಟೆಯ ಶಾಲೆಯ ಗೇಟಿನಲ್ಲಿ ಅಪ್ಪನ ಕೈ ಬಿಟ್ಟಳು. ರಾಜಾರಾಮನಿಗೆ ಬೇಕಾದದ್ದೂ ಅದೇ. ಒಂದು ಸಲ ಕೂತೆದ್ದರೆ ಈ ಕಾಟ ಮುಗಿಯಿತು. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಮಗಳು ಅಲ್ಲಿ ಇಲ್ಲಿ ವಿಚಾರಿಸಿ, ಕುಡಿತ ಬಿಟ್ಟವರು ಶನಿವಾರಕ್ಕೊಮ್ಮೆ ಸೇರುವ ಈ ಜಾಗ ಹುಡುಕಿ, ತಿಕೋಟಾದಿಂದ ಅವನನ್ನು ಬಸ್ಸಿನಲ್ಲಿ ಕೂಡಿಸಿಕೊಂಡು ತಂದಿದ್ದಳು. ಅವನ ರಕ್ತ ಪರೀಕ್ಷೆ ಮಾಡಿದವಳು ಅವಳೇ. ಹೀಗೇ ಕುಡಿದರೆ ಇನ್ನೊಂದು ವರ್ಷ ಬದುಕುವುದೂ ಕಷ್ಟ ಎಂದು ಡಾಕ್ಟರು ಹೇಳಿದ್ದನ್ನು ಕೇಳಿದವಳೂ ಅವಳೇ.

ಒಳಗೆ ಹತ್ತು ಹನ್ನೊಂದು ಮಂದಿ ಮೊಣಕಾಲು ಗದ್ದಕ್ಕೆ ತಾಗುವಂತೆ ಮಕ್ಕಳ ಬೆಂಚಿನ ಮೇಲೆ ಮುದುರಿ ಕೂತಿದ್ದರು. ಇಲ್ಲಿ ಹೆಸರು ಮಾತ್ರ ಹೇಳಬೇಕಂತೆ. ಯಾವ ಊರು, ಯಾರ ಪೈಕಿ ಎಂದು ಯಾರೂ ಕೇಳಬಾರದಂತೆ. ಅದನ್ನು ಕೇಳದಿದ್ದರೆ ಮಾತು ಶುರುವಾಗುವುದಾದರೂ ಹೇಗೆ ಎಂದು ರಾಜಾರಾಮನಿಗೆ ನಗು ಬಂತು. ಕೊನೆಯ ಬೆಂಚಿನಲ್ಲಿದ್ದವನನ್ನು ನೋಡಿ ನಗು ನಿಂತಿತು. ಸಿದ್ದರಾಯ! ಇಪ್ಪತ್ತು ವರ್ಷ ಒಂದೇ ಬಾಟಲಿ ಹಂಚಿಕೊಂಡು, ನಾಲ್ಕು ವರ್ಷದ ಹಿಂದೆ ಕುಡಿತವನ್ನೂ ಅವನನ್ನೂ ಒಟ್ಟಿಗೇ ಬಿಟ್ಟುಬಿಟ್ಟ ಗೆಳೆಯ. ಅಂದಿನಿಂದ ಸಂತೆಯಲ್ಲಿ ಎದುರಾದರೂ ರಾಜಾರಾಮ ಮುಖ ತಿರುಗಿಸಿಯೇ ನಡೆದಿದ್ದ.

“ಹೊಸಬ್ರು ಏನರ ಹೇಳ್ರಿ. ಮನಸಿನ್ಯಾಗ ಇದ್ದದ್ದು,” ಎಂದರು ಸಭೆ ನಡೆಸುತ್ತಿದ್ದ ಬಿಳಿಗೂದಲಿನ ಧೀರೇಂದ್ರ.

ರಾಜಾರಾಮ ಎದ್ದು ನಿಂತ. ನಾಲ್ಕು ಮಂದಿಯ ಮುಂದೆ ಅಳುವುದು ಅವನಿಗೆ ಬರುತ್ತಿರಲಿಲ್ಲ. “ನಾ ರಾಜಾರಾಮ ರಿ, ತಿಕೋಟಾದಾಂವ,” ಎಂದು ಮೊದಲ ಮಾತಿನಲ್ಲೇ ನಿಯಮ ಮುರಿದ. ಎಲ್ಲರೂ ನಕ್ಕರು. ಅವನಿಗೆ ಹುರುಪು ಬಂದು ತನ್ನ ಬಾಳಿನ ಅತಿ ಸುಖದ ದಿನವನ್ನೇ ತೆಗೆದ. ಹತ್ತೊಂಬತ್ತು ವರ್ಷದ ಹಿಂದಿನ ದಸರಾ ರಜೆ. ಬಬಲೇಶ್ವರದ ಕಡೆಯ ತೋಟದಲ್ಲಿ ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸ ಮುಗಿದಿತ್ತು. ಕಾಖಂಡಕಿ ದಾರಿಯ ಬನ್ನಿ ಗಿಡದ ಕೆಳಗೆ ಕುಸುಬಿ ಎಣ್ಣೆ ಹಚ್ಚಿದ ಚುರುಮುರಿ, ಹಸಿ ಉಳ್ಳಾಗಡ್ಡಿ, ಸಿದ್ದರಾಯನೊಡನೆ ಒಂದು ಬಾಟಲಿ. ಆರು ವರ್ಷದ ಮಗಳೂ ಜೊತೆಗೆ ಬಂದಿದ್ದಳು. ಮೊಣಕಾಲೆತ್ತರದ ಜೋಳದ ಮೇಲಿಂದ ತಂಪು ಗಾಳಿ ಬರುತ್ತಿತ್ತು. ಇವನು ಹಾಡಿದ, ಅವಳು ಕುಣಿದಳು.

“ಗೆಳೆಯಾನ ಎಂ-ಏಯ್ಟಿ ಗಾಡಿ ಮ್ಯಾಲೆ ಹಾಡ್ಕೋತ ಊರಿಗೆ ಬಂದ್ವಿ ನೋಡ್ರಿ. ಆ ಹಾಡು ಇನ್ನೂ ಕಿವ್ಯಾಗ ಐತಿ. ಅಂಥಾ ಸಂಜಿ ಮತ್ತ ಬರಲಿಲ್ರಿ.”

ಕೂತಾಗ ಅವನ ಕಣ್ಣು ತುಂಬಿತ್ತು. ಆ ಸಂಜೆ ಮತ್ತೊಮ್ಮೆ ಸಿಕ್ಕೀತೆಂಬ ಆಸೆಗೇ ಅವನು ಇಷ್ಟು ವರ್ಷ ಕುಡಿದದ್ದು. ಕೂತವರಲ್ಲಿ ಒಂದಿಬ್ಬರು ತಮ್ಮ ತಮ್ಮ ಸಂಜೆಗಳನ್ನು ನೆನೆಸಿಕೊಂಡು ನಿಟ್ಟುಸಿರು ಬಿಟ್ಟರು. ಸಿದ್ದರಾಯ ಮಾತ್ರ ನೆಲ ನೋಡುತ್ತಿದ್ದ. ಒಬ್ಬರ ಮಾತಿಗೆ ಇನ್ನೊಬ್ಬರು ಎದುರು ಹೇಳಬಾರದೆನ್ನುವುದೂ ಅಲ್ಲಿನ ನಿಯಮವೇ.

ನಡುವೆ ಚಹಾಕ್ಕೆ ಬಿಟ್ಟಾಗ ಸಿದ್ದರಾಯ ತಾನಾಗಿ ಬಂದು ಅವನ ಹೆಗಲು ಹಿಡಿದ.

“ನೆನಪೈತೇನಲೇ ಆ ಸಂಜಿ?” ಎಂದ ರಾಜಾರಾಮ, ಸಿಟ್ಟೆಲ್ಲ ಮರೆತು.

“ಐತಿ. ಹಾಡ್ಕೋತ ಬರೂಮುಂದ ಗಾಡಿ ಮ್ಯಾಲೆ ಎಷ್ಟು ಮಂದಿ ಇದ್ವಿ, ಹೇಳು.”

“ನಾ, ನೀ...” ರಾಜಾರಾಮನ ಮೂರನೆಯ ಬೆರಳು ಮಡಚದೆ ಉಳಿಯಿತು.

“ಇಬ್ರ. ಗಾಡಿ ಹೊಡದಾಂವ ನಾನು, ನನಗೂ ಖಬರ ಇರಲಿಲ್ಲ. ನೀ ಮನಿಗೆ ಬಂದಾಂವ ಹೊರಸಿನ ಮ್ಯಾಲೆ ಬಿದ್ದಿ. ನಿನ್ನ ಹೇಣ್ತಿ ತಿಪ್ಪವ್ವಕ್ಕ ‘ಕೂಸು ಎಲ್ಲಿ?’ ಅಂದಾಗ ನನ್ನ ನಿಶಾ ಇಳೀತು. ತಿರುಗಿ ಹೋದೆ. ಬನ್ನಿ ಗಿಡದ ಬುಡಕ ಕೂಸು ಒಂದ ಕುಂತಿತ್ತು. ನೀ ಬಿಟ್ಟು ಬಂದ ಚಪ್ಪಲಿ ತೊಡಿ ಮ್ಯಾಲೆ ಇಟ್ಕೊಂಡಿತ್ತು. ‘ಕಾಕಾ, ಅಪ್ಪ ಚಪ್ಪಲಿ ಒಯ್ಯಾಕರ ಬಂದ ಬರ್ತಾನ’ ಅಂತು.”

ರಾಜಾರಾಮ ಚಹಾದ ಕಪ್ಪು ಕೆಳಗಿಟ್ಟ. ಕೇಳಿದ: “ನನಗ ಯಾಕ ಯಾರೂ ಹೇಳಲಿಲ್ಲ?”

“ತಿಪ್ಪವ್ವಕ್ಕ ಬ್ಯಾಡ ಅಂದ್ಲು. ‘ಕೇಳಿದ್ರ ಅದಕ್ಕೂ ಕುಡೀತಾನ’ ಅಂದ್ಲು.”

ರಾಜಾರಾಮ ಗೇಟಿನ ಕಡೆ ನಡೆದ. ಹೊರಗಿನ ಕಟ್ಟೆಯ ಮೇಲೆ ಕೂತಿದ್ದ ಆಮ್ರಪಾಲಿ ಅವನನ್ನು ಕಂಡವಳೇ ಎದ್ದಳು. ಇಷ್ಟು ಬೇಗ ಬಂದನಲ್ಲ ಎಂದು ಅವಳ ಮುಖ ಇಳಿಯಿತು.

“ಸಾಕಾತೇನಪ್ಪಾ? ಹೋಗೂಣೇನು?”

“ಇಲ್ಲವಾ. ಒಂದು ಮಾತು ಅರ್ಧಾ ಹೇಳೇನಿ. ಒಳಗ ಹೋಗಿ ಪೂರಾ ಹೇಳಿ ಬರಬೇಕು. ಹೊತ್ತಾಗತೈತಿ... ಕೂಡ್ತಿಯೇನು?”

ಆಮ್ರಪಾಲಿ ಸೆರಗು ಸರಿಮಾಡಿಕೊಂಡು ಮತ್ತೆ ಕಟ್ಟೆಯ ಮೇಲೆ ಕೂತಳು.

“ನೀ ಹೋಗಿ ಬಾ ಯಪ್ಪಾ. ನನಗ ರೂಢಿ ಐತಿ.”