ಹದಿಮೂರು ತಾಸು

“ಹುಬ್ಬಳ್ಳಿಯಿಂದ ಪುಣೆಗೆ ಒಂದು ತಾಸು ಹತ್ತು ನಿಮಿಷ ಅಷ್ಟೇ, ಯಜಮಾನ್ರೆ,” ಎಂದ ಉಲ್ಲಾಸ, ಕಂಪ್ಯೂಟರ್ ಪರದೆಯನ್ನು ಶಂಕ್ರಪ್ಪನ ಕಡೆ ತಿರುಗಿಸಿ. ಶಿರಸಿ ಬಸ್ ನಿಲ್ದಾಣದ ಎದುರು ಅವನದು ಟಿಕೆಟ್ ಬುಕಿಂಗ್ ಅಂಗಡಿ. “ಮೇಲಿಂದ ದಾರಿನೂ ಕಮ್ಮಿ. ಮುನ್ನೂರೆಪ್ಪತ್ತೈದು ಕಿಲೋಮೀಟರ್ ಆಗ್ಬಹುದು. ಬೆಲ್ಟ್ ಹಾಕಿ ಬಿಚ್ಚೂದ್ರೊಳಗೆ ಪುಣೆ.”

ಶಂಕ್ರಪ್ಪನಿಗೆ ಖುಷಿಯಾಯಿತು. ಪುಣೆಯಲ್ಲಿರುವ ಮಗಳು ಶಿವರಂಜನಿಗೆ ಹೆಣ್ಣುಮಗು ಹುಟ್ಟಿತ್ತು. ಗುರುವಾರ ಹೆಸರಿಡುವ ಕಾರ್ಯ. ಟಿಕೆಟ್ ಮಾಡಿಸಲೆಂದೇ ಹೆಂಡತಿಯನ್ನು ಕರೆದುಕೊಂಡು ಬನವಾಸಿಯಿಂದ ಬಂದಿದ್ದ.

“ಬಸ್ಸಿಗೆ ಎಷ್ಟ ತಾಸಪಾ?” ಎಂದು ಮುರಿಗೆವ್ವ ಕೇಳಿದಳು.

“ಬಸ್ಸಿಗಾ ಅಮ್ಮಾ? ಇಲ್ಲಿಂದ ಹದಿಮೂರು ತಾಸು ಬೇಕು.”

“ಹಂಗಾರ ಬಸ್ಸಿಂದೇ ಮಾಡು.”

ಶಂಕ್ರಪ್ಪ ಬೆರಗಾದ. “ನಿನ್ನ ಮೊಣಕಾಲು ಕೇಳ್ತಾವೇನ? ಹದಿಮೂರ ತಾಸ ಕುಂದ್ರತೀ?”

“ಕುಂದ್ರತೀನ್ರಿ.” ಅವಳು ದನಿ ತಗ್ಗಿಸಿದಳು. “ನಿಮ್ಮ ಕೂಡ ಒಂದ ಮಾತ ಆಡೂದೈತಿ. ತಾಸಿನ್ಯಾಗ ಮುಗಿಯೂದಲ್ಲ ಅದು.”

“ಮನ್ಯಾಗ ಆಡಿದ್ರ ಆಗೂದಿಲ್ಲೇನ?”

“ಆ ಮಾತ ನಾವು ಮನ್ಯಾಗ ಎಂದರ ಆಡೇವೇನ್ರಿ?”

ಯಾವ ಮಾತೆಂದು ಶಂಕ್ರಪ್ಪನಿಗೆ ತಿಳಿಯಿತು. ಮೂವತ್ತೈದು ವರ್ಷದ ಹಿಂದೆ ಅವನು ಪುಣೆಯ ಬೆಲ್ಲದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಆ ವರ್ಷ ಅವರ ಮೊದಲ ಮಗು, ಎರಡು ವರ್ಷದ ಹುಡುಗಿ, ಮೂರು ದಿನದ ಜ್ವರಕ್ಕೆ ತೀರಿಕೊಂಡಿತು. ಊರಲ್ಲಿ ಹತ್ತೊಂಬತ್ತು ಮಂದಿಯ ಮನೆ. ಬಂದವರು, ಹೋದವರು, ಸಮಾಧಾನ ಹೇಳುವವರು. ಹೆತ್ತವರಿಬ್ಬರಿಗೆ ಕೂತು ಅಳಲು ಒಂದು ಮೂಲೆಯಿರಲಿಲ್ಲ. ಹದಿನೈದು ದಿನ ಕಳೆದ ಮೇಲೆ ಅವಳನ್ನೂ ಕರೆದುಕೊಂಡು ಪುಣೆಯ ಬಸ್ಸು ಹತ್ತಿದ. ಗಡಗಡ ಸದ್ದಿನ ಕೆಂಪು ಬಸ್ಸು, ಸುತ್ತ ಗುರುತಿನವರು ಯಾರೂ ಇಲ್ಲ. ಬೆಳಗಾವಿ ದಾಟಿದ ಮೇಲೆ ಮುರಿಗೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಅವಳ ಕೈ ಹಿಡಿದುಕೊಂಡು ಅವನೂ ಅತ್ತ. ಮಗುವಿನ ಗುಂಗುರು ಕೂದಲು, ಆಡಿದ ತೊದಲು ಮಾತು, ಮಾಡಿದ ಹಟ, ಒಂದೊಂದನ್ನೇ ನೆನೆದು ಸಾತಾರಾ ಬರುವವರೆಗೆ ಮಾತಾಡಿದರು. ಬಸ್ಸಿಳಿದ ಮೇಲೆ ಆ ಮಗುವಿನ ಹೆಸರನ್ನು ಇಬ್ಬರೂ ಮತ್ತೆ ಎತ್ತಲಿಲ್ಲ. ಮುಂದೆ ಶಿವರಂಜನಿ ಹುಟ್ಟಿದಳು, ಬೆಳೆದಳು, ಆಗಲೂ ಎತ್ತಲಿಲ್ಲ. ತನಗೊಬ್ಬಳು ಅಕ್ಕ ಇದ್ದಳೆಂದು ಅವಳಿಗೆ ತಿಳಿದದ್ದು ಸೋದರತ್ತೆಯಿಂದ.

“ವಿಮಾನ ಬ್ಯಾಡಪಾ,” ಎಂದ ಶಂಕ್ರಪ್ಪ. “ಬುಧವಾರದ ಹಗಲು ಬಸ್ಸಿಗೆ ಎರಡು ಸೀಟ ಹಾಕು.”

ಉಲ್ಲಾಸ ಇಬ್ಬರ ಮುಖವನ್ನೂ ನೋಡಿದ. ಮತ್ತೇನೂ ಕೇಳದೆ ಸೀಟು ಹುಡುಕಿಕೊಟ್ಟ.

ಬುಧವಾರ ಬಸ್ಸು ಯಲ್ಲಾಪುರ ದಾಟುವವರೆಗೆ ಮುರಿಗೆವ್ವ ಮೊಮ್ಮಗಳಿಗೆ ಹೊಲಿದ ಕುಲಾವಿಯ ಬಗ್ಗೆ, ಪಕ್ಕದ ಮನೆಯವರ ಎಮ್ಮೆಯ ಬಗ್ಗೆ ಮಾತಾಡಿದಳು. ಹುಬ್ಬಳ್ಳಿಯಲ್ಲಿ ಚಹಾ ಕುಡಿದರು. ಧಾರವಾಡ ಹಿಂದೆ ಬಿದ್ದ ಮೇಲೆ ಅವಳು ನೆಟ್ಟಗೆ ಕೂತಳು.

“ಶಿವಿ ಫೋನ್ ಮಾಡಿದ್ಳ್ರಿ. ಕೂಸಿಗೆ ಅಕ್ಕನ ಹೆಸರ ಇಡ್ಲೇನವ್ವಾ, ಅಪ್ಪನ್ನ ಒಂದ ಮಾತ ಕೇಳು ಅಂದ್ಳು.” ಆ ಹೆಸರನ್ನೂ ಅವಳೇ ಹೇಳಿದಳು, “ಗಂಗಾಂಬಿಕಾ ಅಂತ.”

ಶಂಕ್ರಪ್ಪ ಕಿಟಕಿಯಾಚೆ ನೋಡುತ್ತ ಕೂತ. ಬೆಳಗಾವಿ ಹೋಯಿತು. ನಿಪ್ಪಾಣಿಯೂ ಹೋಯಿತು. ಮುರಿಗೆವ್ವ ಅವಸರ ಮಾಡಲಿಲ್ಲ.

ಕೊಲ್ಹಾಪುರ ಹತ್ತಿರ ಬಂದಾಗ ಅವನು ಮೆಲ್ಲಗೆ ಕೇಳಿದ:

“ಈ ಕೂಸಿಂದೂ ಗುಂಗುರು ಕೂದಲೇನ?”